ಮಾವನ ಬಗ್ಗದ ಬೆನ್ನು

ಇಡೀ ಕೊಡಗಿನಲ್ಲಿ ದೇವರ ಮುಂದೆಯೂ ಬಾಗದ ದುರಹಂಕಾರಿ ಯಾರು ಎಂದು ಕೇಳಿದರೆ ನಮ್ಮ ನೆಂಟರೆಲ್ಲ ಒಂದೇ ಉಸಿರಿಗೆ ನನ್ನ ಸೋದರಮಾವನ ಕಡೆ ಬೆರಳು ತೋರಿಸುತ್ತಿದ್ದರು. ಹಿರಿಯರ ಕಾಲಿಗೆ ಬೀಳರು, ಕೆಳಗೆ ಬಿದ್ದ ಸ್ವಂತ ಟೋಪಿಯನ್ನೂ ಎತ್ತಿಕೊಳ್ಳರು. ಮದುವೆಮನೆಯಲ್ಲಿ ಪಂಕ್ತಿಗೆ ಕೂರುವುದಿಲ್ಲ. ಕಿಟಕಿಯ ಹಲಗೆಯ ಮೇಲೆ ಎಲೆ ಹಾಸಿಕೊಂಡು ನಿಂತೇ ಊಟ! ಸೊಕ್ಕಲ್ಲದೆ ಇನ್ನೇನು?

ಸೊಕ್ಕಲ್ಲ ಸ್ವಾಮಿ, ಮೂಳೆ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲವದು. ಮಾವ ಅಮ್ಮತ್ತಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು. ಮರಕ್ಕೆ ಹಬ್ಬಿದ ಮೆಣಸು ಕೊಯ್ಯುವವರಿಗೆ ಬಿದಿರೇಣಿ ಹತ್ತುವ ಕ್ರಮವೇ ಗೊತ್ತಿಲ್ಲವೆಂದು ತಾವೇ ಹತ್ತಿ ತೋರಿಸಲು ಹೋದರು. ಹತ್ತುವುದನ್ನು ಸೊಗಸಾಗಿ ತೋರಿಸಿದರು. ಇಳಿಯುವುದನ್ನು ಮಾತ್ರ ಬೇಕಾದ್ದಕ್ಕಿಂತ ಬೇಗ ತೋರಿಸಿಬಿಟ್ಟರು! ಮದರಾಸಿನಲ್ಲಿ ಆಪರೇಷನ್ ಆಯಿತು. ಕಾಲಿನ ಮೂಳೆ ಕೆತ್ತಿ ತೆಗೆದು ಬೆನ್ನಿಗೆ ಕೂರಿಸಿ, ಮುರಿದ ಬೆನ್ನೆಲುಬನ್ನು ಬೆಸೆದರು. ಮೂಳೆ ಕೂಡಿಕೊಂಡಿತು. ನೋವು ಹೋಗಲಿಲ್ಲ.

ತಮಾಷೆ ಇರುವುದು ಇಲ್ಲೇ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಫಸ್ಟ್ ಕ್ಲಾಸ್! ಇನ್ನು ನೋವಿಗೆ ಕಾರಣವೇ ಇಲ್ಲ" ಎಂದುಬಿಟ್ಟರು. ಡಾಕ್ಟರೇ ನೋವಿಲ್ಲ ಎಂದ ಮೇಲೆ ನೆಂಟರು ಇದೆ ಎನ್ನುತ್ತಾರೆಯೇ? ಮಾವ ಮುಖ ಹಿಂಡಿದರೆ ನಾಟಕ; ಹಿಂಡದಿದ್ದರೆ, "ನೋಡಿ, ಚೆನ್ನಾಗೇ ಅವ್ರಲ್ಲ!" ನೋಯುತ್ತದೆ ಎಂದಾಗ ಹೌದು ಎನ್ನುವ ಒಬ್ಬರು ಅವರಿಗೆ ಬೇಕಿತ್ತು, ಅಷ್ಟೇ. ಸಿಕ್ಕಿದವರೆಲ್ಲ ಬುದ್ಧಿ ಹೇಳುವವರೇ. ಕೊನೆಗೆ ಮಾವನ ನಾಲಿಗೆಯೇ ಕಹಿಯಾಯಿತು.

"ನೋವು ಹೆಂಗೈತೆ ಭಾವ?" ಎಂದು ನನ್ನ ಚಿಕ್ಕಪ್ಪ ಒಮ್ಮೆ ಕೇಳಿದರು.

"ಮನೆಅಳಿಯ ಇದ್ದಂಗೈತೆ. ಗೇಯಲ್ಲ, ಹೋಗು ಅಂದ್ರೂ ಹೋಗಲ್ಲ!"

ಹೆಂಡತಿಯ ಮನೆಯಲ್ಲೇ ಬೀಡುಬಿಟ್ಟಿದ್ದ ಚಿಕ್ಕಪ್ಪ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಕಕ್ಕಬೆಯ ಗೆಳೆಯರೊಬ್ಬರು ಕರಡಿ ಕೊಬ್ಬು ತಂದುಕೊಟ್ಟರು. ತಿಕ್ಕಿದ್ದೇ ತಿಕ್ಕಿದ್ದು! ಬೆನ್ನು ಇದ್ದ ಹಾಗೇ ಇತ್ತು; ಆ ವಾಸನೆಗೆ ಕೂಲಿಗಳ ಲೈನುಮನೆಯ ನಾಯಿಗಳೆಲ್ಲ ಬೊಗಳುತ್ತ ಮಾವನನ್ನು ಕಾಫಿ ಕಣದವರೆಗೆ ಬಿಟ್ಟುಬರತೊಡಗಿದವು. "ನನ್ನ ನಂಬೋವು ಇವೇ ಕಣವ್ವ" ಎಂದು ಮಾವ ನನ್ನ ಬಳಿ ಹೇಳಿದರು. "ಕರಡಿ ಅಂದ್ರೆ ಕರಡೀನೇ ಅಂತವೆ."

ಎಸ್ಟೇಟಿಗೆ ಮ್ಯಾನೇಜರಾಗಿ ಬಂದ ಹೊಸ ದೊರೆ, ರೈಟರು ಬಗ್ಗಿ ಸಲಾಂ ಹೊಡೆಯಲಿಲ್ಲವೆಂದು ಸಿಡುಕಿದ. "ಮದರಾಸಿನೋರು ಬಗ್ಗದಂಗೆ ಮಾಡಿ ಕಳ್ಸವ್ರೆ ಸಾರ್. ನಿಮ್ ಕೈಲಾದ್ರೆ ಬಗ್ಗಿಸ್ಕೊಳಿ" ಎಂದರಂತೆ ಮಾವ. ದೊರೆ ಸಲಾಮಿನ ಮಾತು ಬಿಟ್ಟು ಲೆಕ್ಕದ ಪುಸ್ತಕ ಕೇಳಿದ. ಗೆದ್ದು ಬಂದ ಮಾವ ಅವತ್ತು ಮನೆಯ ಗೋಡೆಗೊರಗಿ ನಿಂತವರು ಕತ್ತಲಾಗುವವರೆಗೆ ಅಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ನಮ್ಮ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರದ ಬಳಿ ಬಂದು ನೆಲೆಸಿದವರು. ಊರು ಬಿಟ್ಟಿದ್ದರೂ ಶಾಸ್ತ್ರ ಬಿಟ್ಟಿರಲಿಲ್ಲ. ಮದುವಣಗಿತ್ತಿಯನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರಬೇಕು.

"ಆಪರೇಷನ್ ಆಗಿ ವರ್ಷಾನೇ ಕಳೀತು. ಎತ್ತಲಿ ಬಿಡಿ" ಎಂದರು ದೊಡ್ಡಪ್ಪ.

"ನಾನ್ಯಾಕೆ? ದುಬಾರೆ ಇಲ್ಲೇ ಐತೆ. ಆನೆಗೆ ಹೇಳಿಕಳ್ಸಿ!" ಎಂದರು ಮಾವ.

ನನಗೂ ನಗು ಬಂತು. ನಾನೇನು ಬಳುಕುವ ಬಳ್ಳಿಯಾಗಿರಲಿಲ್ಲ!

ಮುಹೂರ್ತಕ್ಕೆ ದೂರದ ಸಂಬಂಧದ ಇನ್ನೊಬ್ಬ ಮಾವನನ್ನು ಸಿದ್ಧ ಮಾಡಿ ನಿಲ್ಲಿಸಿದ್ದರು. ನಮ್ಮ ಮಾವ ಜರಿಪೇಟ ಸುತ್ತಿಕೊಂಡು ಬಂದವರೇ ಅವರನ್ನು ಪಕ್ಕಕ್ಕೆ ಸರಿಸಿ ನನ್ನ ಮುಂದೆ ತೋಳು ಚಾಚಿದರು.

"ಬ್ಯಾಡ ಮಾವ. ನಿಮ್ಗೆ ನೋಯ್ತದೆ" ಎಂದೆ.

ಮಾವನ ಕೈ ಅಲ್ಲೇ ನಿಂತಿತು. ಈಗೊಂದು ಚಟಾಕಿ ಹಾರುತ್ತದೆಂದು ಸುತ್ತಲಿನವರೆಲ್ಲ ಕಾದರು. ಹಾರಲಿಲ್ಲ.

"ಹೂಂ ಕಣವ್ವ. ಭಾಳ ನೋಯ್ತದೆ" ಎಂದರು. ಚಾಚಿದ ಕೈಯನ್ನು ನನ್ನ ಹೆಗಲ ಮೇಲಿಟ್ಟು, "ನಡಿ, ಇಬ್ರೂ ಹೋಗಾನ" ಎಂದರು.

ಮಂಟಪದವರೆಗೂ ಅವರ ಮೈಭಾರವೆಲ್ಲ ನನ್ನ ಹೆಗಲ ಮೇಲಿತ್ತು. ಶಾಸ್ತ್ರ ಕೆಟ್ಟಿತೆಂದು ಹಿಂದೆ ಯಾರೋ ಗೊಣಗಿದರು. ನಾನು ಅಳುತ್ತಿದ್ದೆ. ತವರು ಬಿಡುವ ಅಳು ಎಂದುಕೊಂಡು ಹೆಂಗಸರು ಸಮಾಧಾನ ಹೇಳಿದರು. ನನಗೆ ಅಳು ಬಂದದ್ದು, ಇಷ್ಟೊಂದು ಭಾರವನ್ನು ಮಾವ ಇಲ್ಲಿಯವರೆಗೆ ಒಬ್ಬರೇ ಹೊತ್ತು ತಿರುಗಿದ್ದರಲ್ಲ ಎಂದು.