ಹದಿನೇಳು ಬಗೆಯ ಓಕೆ

ಬಹಳ ಹಿಂದೆ, ಅಂದರೆ ಅರಮನೆಗೆ ವೈಫೈ ಬಂದು ಊರಿಗೆ ಇನ್ನೂ ನಲ್ಲಿ ನೀರು ಬಾರದಿದ್ದ ಕಾಲದಲ್ಲಿ, ಸಮ್ಮತಿಪುರ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಶಿರಶ್ಚಾಲನವರ್ಮರು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಸಿಂಹಾಸನದ ಮೇಲೆ ಕೂತಿರುತ್ತಿದ್ದರು. ಓದುಗರು ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಒಮ್ಮೆ ಕುದುರೆ ಮಾರಲು ಬಂದ ಪರದೇಶದ ವ್ಯಾಪಾರಿಯೊಬ್ಬನ ಬಾಯಿಂದ ಮಹಾರಾಜರು ‘ಓಕೆ’ ಎಂಬ ಇಂಗ್ಲಿಷ್ ಪದವನ್ನು ಕೇಳಿದರು. ಕುದುರೆ ಕುಂಟು ಎಂದು ಆಮೇಲೆ ಗೊತ್ತಾಯಿತು; ಪದ ಮಾತ್ರ ಚೆನ್ನಾಗಿ ಓಡಿತು. ಅಲ್ಲಿಯವರೆಗೆ ಪ್ರಭುಗಳಿಗೆ ಬಹಳ ಕಷ್ಟವಿತ್ತು. ತಥಾಸ್ತು ಎಂದರೆ ಕೊಡಬೇಕಾಗುತ್ತಿತ್ತು, ಆಗದು ಎಂದರೆ ಬೈಸಿಕೊಳ್ಳಬೇಕಾಗುತ್ತಿತ್ತು. ಓಕೆ ಎಂದರೆ ಎದುರಿಗಿದ್ದವನು ಕೈಮುಗಿದು ತನ್ನ ಪಾಡಿಗೆ ತಾನು ಹೊರಟುಹೋಗುತ್ತಿದ್ದ. ಬರುಬರುತ್ತಾ ಸನ್ನಿಧಾನದಿಂದ ಬೇರೆ ಪದವೇ ಹೊರಡದಾಯಿತು.

ಹೋದವನು ಒಪ್ಪಿಗೆ ತೆಗೆದುಕೊಂಡು ಹೋದನೋ ನಿರಾಕರಣೆಯನ್ನೋ ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ದೊರೆಯನ್ನೇ ಕೇಳೋಣವೆಂದರೆ ಅದಕ್ಕೆ ವಂಶದ ಸಂಪ್ರದಾಯ ಅಡ್ಡ. ಸಮ್ಮತಿಪುರದಲ್ಲಿ ದೊರೆಯನ್ನು ಯಾವ ವಿಷಯವಾಗಿಯೂ ಎರಡನೇ ಸಲ ಕೇಳುವಂತಿಲ್ಲ. ಮತ್ತೆ ಕೇಳಿದರೆ ಅರ್ಥವಾಗಲಿಲ್ಲ ಎಂದಾಯಿತು; ಅರ್ಥವಾಗಲಿಲ್ಲ ಎಂದರೆ ದೊರೆ ಸರಿಯಾಗಿ ಹೇಳಲಿಲ್ಲ ಎಂದಾಯಿತು; ಅಂಥವನಿಗೆ ಗಡಿಪಾರು.

ಹೀಗಾಗಿ ಶಬ್ದಾರ್ಥ ನಿರ್ಣಯ ಇಲಾಖೆ ಹುಟ್ಟಿತು. ಅದರ ಶಿರಸ್ತೇದಾರನೇ ನಮ್ಮ ಚೆಲುವಯ್ಯ. ದರ್ಬಾರಿನ ಮೂರನೇ ಕಂಬದ ಹಿಂದೆ ನಿಂತು, ಪ್ರಭುಗಳು ಓಕೆ ಎನ್ನುವಾಗ ಹುಬ್ಬು ಎಲ್ಲಿತ್ತು, ಮೀಸೆ ಎತ್ತ ತಿರುಗಿತು, ಕಾಲು ಅಲುಗಿತೇ ಎಂದೆಲ್ಲ ನೋಡಿ, ಫೈಲಿನ ಮೇಲೆ ಅರ್ಥ ಬರೆಯುವುದು ಅವನ ಕೆಲಸ. ಹತ್ತು ವರ್ಷದ ಸೇವೆಯಲ್ಲಿ ಅವನು ಹದಿನೇಳು ಬಗೆಯ ಓಕೆಗಳನ್ನು ಪತ್ತೆಹಚ್ಚಿದ್ದ. ಕೇಳಿಸಿತು ಎಂಬ ಓಕೆ, ನಿನ್ನ ಮುಖ ನೋಡಿದ್ದು ಸಾಕು ಎಂಬ ಓಕೆ, ನೀನು ನಮ್ಮವನೇ ಎಂಬ ಓಕೆ, ಊಟಕ್ಕೆ ಹೊತ್ತಾಯಿತು ಎಂಬ ಓಕೆ, ಹೀಗೆ. ‘ಆಗಲಿ, ಮಾಡಿಕೊಡಿ’ ಎಂಬ ಓಕೆಯೂ ಇತ್ತು. ಅದು ವರ್ಷಕ್ಕೆ ಒಂದೋ ಎರಡೋ ಸಲ, ಸಾಮಾನ್ಯವಾಗಿ ಪ್ರಭುಗಳ ಭಾವಮೈದುನರ ಅರ್ಜಿಗೆ ಬೀಳುತ್ತಿತ್ತು. ಚೆಲುವಯ್ಯನಿಗೆ ತನ್ನ ವಿದ್ಯೆಯ ಬಗ್ಗೆ ಬಹಳ ಹೆಮ್ಮೆ. ಮನೆಯಲ್ಲಿ ಹೆಂಡತಿ ಓಕೆ ಎಂದರೂ ಅವಳ ಹುಬ್ಬು ನೋಡುತ್ತಿದ್ದ.

ಆ ವರ್ಷ ಊರಿನ ಹೊಳೆಯ ಮೇಲಿದ್ದ ಕಲ್ಲಿನ ಕಿರುಸೇತುವೆ ಕೊಚ್ಚಿಹೋಯಿತು. ಆಚೆ ದಡದಲ್ಲಿದ್ದ ಸೂಲಗಿತ್ತಿ ಸಾಕಮ್ಮ ದರ್ಬಾರಿಗೆ ಬಂದು ಅರ್ಜಿ ಕೊಟ್ಟಳು. ಈಚೆ ದಡದ ಹೆರಿಗೆಗಳಿಗೂ ತಾನೇ ಬರಬೇಕು, ಕುತ್ತಿಗೆಮಟ್ಟ ನೀರಿನಲ್ಲಿ ಎಷ್ಟು ದಿನ ಬರಲಿ ಎಂದು ಕೇಳಿದಳು. ಪ್ರಭುಗಳು ಓಕೆ ಎಂದರು. ಅದೇ ಹೊತ್ತಿಗೆ ಪಾಕಶಾಲೆಯಿಂದ ಹುಳಿಗೆ ಒಗ್ಗರಣೆ ಹಾಕಿದ ವಾಸನೆ ಬಂದಿತ್ತು, ರಾಜನಾಸಿಕ ಅರಳಿತ್ತು. ಚೆಲುವಯ್ಯ ಎರಡನೇ ಯೋಚನೆಯಿಲ್ಲದೆ ‘ಊಟದ ಓಕೆ’ ಎಂದು ಬರೆದು ಫೈಲನ್ನು ಅಟ್ಟಕ್ಕೆ ಹಾಕಿಸಿದ.

ಎರಡು ತಿಂಗಳ ಮೇಲೆ, ಆಚೆ ದಡದ ಊರಿಗೆ ಕೊಟ್ಟಿದ್ದ ಅವನ ಮಗಳು ಪುಟ್ಟಗೌರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೊಳೆ ಇಳಿದಿದ್ದ ದಿನ ನೋಡಿ ನಾಲ್ಕು ಜನ ಅವಳನ್ನು ಎತ್ತಿ ದಾಟಿಸಿದ್ದರು. ಈಗ ಮತ್ತೆ ನೀರೇರಿತ್ತು. ನೋವು ಬಂದಾಗ ಸಾಕಮ್ಮ ಹೇಗೆ ಬರುತ್ತಾಳೆ ಎಂದು ಹೆಂಡತಿ ಕೇಳಿದಳು. ಚೆಲುವಯ್ಯ ಅಟ್ಟ ಹತ್ತಿ ಸಾಕಮ್ಮನ ಫೈಲು ಇಳಿಸಿದ. ಬರೆದದ್ದು ತಾನೇ ಆದರೂ ತಿದ್ದುವ ಅಧಿಕಾರ ಅವನಿಗಿರಲಿಲ್ಲ; ಅದಕ್ಕೆ ದೊರೆಯ ಬಾಯಿಂದಲೇ ಮತ್ತೆ ಮಾತು ಬರಬೇಕು. ಎರಡು ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಮೂರನೇ ದಿನ ಕಂಬದ ಹಿಂದಿನಿಂದ ಈಚೆ ಬಂದ.

“ಮಹಾಸ್ವಾಮಿ, ಸೇತುವೆ ವಿಷಯಕ್ಕೆ ಅವತ್ತು ತಾವು ಓಕೆ ಅಂದ್ರಲ್ಲ,” ಎಂದ. “ಅದರ ಅರ್ಥ ಏನು?”

ಪ್ರಭುಗಳು ಪ್ರಸನ್ನವದನರಾಗಿ ಓಕೆ ಎಂದರು.

ಆ ಓಕೆ ಯಾವುದೆಂದು ಚೆಲುವಯ್ಯನಿಗೆ ಹತ್ತು ವರ್ಷದಲ್ಲಿ ಮೊದಲ ಬಾರಿಗೆ ತಿಳಿಯಲಿಲ್ಲ. ಮಹಾಮಂತ್ರಿ ಸ್ತುತಿಶರ್ಮರಿಗೆ ಮಾತ್ರ ತಕ್ಷಣ ಹೊಳೆಯಿತು.

“ಒಂದೇ ಸೇತುವೆಗೆ ಎರಡು ಸಲ ಓಕೆ ಅಂದ ದೊರೆ ಚರಿತ್ರೆಯಲ್ಲೇ ಇಲ್ಲ, ಮಹಾಪ್ರಭು,” ಎಂದು ಅವರು ಗದ್ಗದಿತರಾದರು. “ಇದಕ್ಕೊಂದು ಸ್ಮಾರಕ ಆಗಲೇಬೇಕು.”

ಹಳೆಯ ಸೇತುವೆಯ ಅಳಿದುಳಿದ ಕಲ್ಲುಗಳನ್ನು ಹೊಳೆಯಿಂದ ಎತ್ತಿಸಿ ಎಂಟೇ ದಿನದಲ್ಲಿ ಈಚೆ ದಡದ ಮೇಲೆ ‘ಓಕೆ ಮಹಾದ್ವಾರ’ ಕಟ್ಟಿಸಲಾಯಿತು. ದ್ವಾರದ ಹಿಂದೆ ಹೊಳೆ, ಹೊಳೆಯ ಹಿಂದೆ ಆಚೆ ದಡ. ಗಡಿಪಾರಾಗಬೇಕಿದ್ದ ಚೆಲುವಯ್ಯನಿಗೆ, ಚಾರಿತ್ರಿಕ ಓಕೆಗೆ ನಿಮಿತ್ತನಾದ್ದರಿಂದ, ‘ಓಕೆ ಭೂಷಣ’ ಬಿರುದು ಘೋಷಣೆಯಾಯಿತು.

ಉದ್ಘಾಟನೆಯ ದಿನವೇ ಪುಟ್ಟಗೌರಿಗೆ ನೋವು ಕಾಣಿಸಿಕೊಂಡಿತು. ಆಚೆ ದಡಕ್ಕೆ ಕೂಗು ಹೋಯಿತು. ಸಾಕಮ್ಮ ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದು, ಎರಡು ಸಲ ಮುಗ್ಗರಿಸಿ, ಹೇಗೋ ದ್ವಾರದ ಬುಡಕ್ಕೆ ಬಂದಳು; ಕಾಲು ಇನ್ನೂ ನೀರಿನಲ್ಲೇ ಇತ್ತು, ದಡ ಹತ್ತಲು ಇದ್ದ ದಾರಿ ಅದೊಂದೇ. ಅಲ್ಲಿ ರೇಷ್ಮೆಯ ಟೇಪು ಕಟ್ಟಿತ್ತು. ಪ್ರಭುಗಳು ಕತ್ತರಿಸುವ ಮೊದಲು ಯಾರೂ ಒಳಗೆ ಬರುವಂತಿಲ್ಲ ಎಂದು ಕಾವಲುಗಾರರು ತಡೆದರು. ಮಂತ್ರಿಗಳ ಭಾಷಣ ಇನ್ನೂ ಪೀಠಿಕೆಯಲ್ಲಿತ್ತು. ವೇದಿಕೆಯ ಮೇಲಿದ್ದ ಚೆಲುವಯ್ಯ ಅವಳನ್ನು ಕಂಡ.

ಸಾಕಮ್ಮ ಟೇಪಿನ ಆಚೆಯಿಂದಲೇ ಪ್ರಭುಗಳನ್ನು ಕೂಗಿದಳು. “ಸ್ವಾಮೀ, ಹೆರಿಗೆ ನೋವು ನಿಮ್ ಟೇಪು ಕತ್ರಿಸೋಗಂಟ ಕಾಯಾಕಿಲ್ಲ. ನಾನು ಹೊಳೆ ದಾಟ್ಕೊಂಡ್ ಹೋಗ್ಬೋದಾ?”

ಪ್ರಭುಗಳು ಓಕೆ ಎಂದರು. ಅವರ ಕಣ್ಣು ಆಗಷ್ಟೇ ಬಂದ ಮೈಸೂರುಪಾಕಿನ ತಟ್ಟೆಯ ಮೇಲಿತ್ತು. ಕಾವಲುಗಾರರು ಅರ್ಥಕ್ಕಾಗಿ ಓಕೆ ಭೂಷಣನ ಕಡೆ ತಿರುಗಿದರು. ಅದು ಅಪ್ಪಟ ತಿಂಡಿಯ ಓಕೆ ಎಂದು ಚೆಲುವಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಎದ್ದು ನಿಂತ.

“ಅಪ್ಪಣೆಯಾಗಿದೆ,” ಎಂದ. “ಹೊಳೆ ದಾಟಬಹುದು.”

ಸಾಕಮ್ಮ ಓಡಿದಳು. ಅರ್ಧ ಗಂಟೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಚೆಲುವಯ್ಯ ಅಂದು ಸಂಜೆ ಸಂತೋಷದಿಂದ ಅತ್ತ.

ಮರುದಿನ ಮಹಾಮಂತ್ರಿಗಳು ಸೇತುವೆಯ ಫೈಲು ತರಿಸಿಕೊಂಡರು. ಪ್ರಭುಗಳೇ ಹೊಳೆ ದಾಟಲು ಅಪ್ಪಣೆ ಕೊಟ್ಟಿದ್ದಾರೆಂದು ಇಲಾಖೆಯ ಮುಖ್ಯಸ್ಥರೇ ಸಾವಿರಾರು ಜನರ ಮುಂದೆ ಸಾರಿದ ಮೇಲೆ ಸೇತುವೆಯ ಅಗತ್ಯವೇನು ಎಂದು ಷರಾ ಬರೆದು, ‘ಯೋಜನೆ ಪೂರ್ಣಗೊಂಡಿದೆ’ ಎಂದು ಮುಚ್ಚಿದರು. ಪ್ರಜೆಗಳು ದ್ವಾರಕ್ಕೆ ಕೈಮುಗಿದು ನೀರಿಗಿಳಿಯತೊಡಗಿದರು. ಆ ಮಳೆಗಾಲದಲ್ಲಿ ಮೂವರು ಕೊಚ್ಚಿಹೋದರು. ಅವರು ಅಪ್ಪಣೆಯ ಮೇರೆಗೇ ಇಳಿದಿದ್ದರಿಂದ ಸರ್ಕಾರದ ಲೋಪವೇನೂ ಕಂಡುಬರಲಿಲ್ಲ.

ಬಾಣಂತನ ಮುಗಿದು ಪುಟ್ಟಗೌರಿ ಗಂಡನ ಮನೆಗೆ ಹೊರಟಳು. ಮೊಮ್ಮಗಳನ್ನು ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲಿಟ್ಟುಕೊಂಡು ಚೆಲುವಯ್ಯ ಮುಂದೆ ನಡೆದ, ಮಗಳು ಅವನ ಭುಜ ಹಿಡಿದು ಹಿಂದೆ ಬಂದಳು. ನಡುಹೊಳೆಯಲ್ಲಿ ಅವಳು ಕೇಳಿದಳು:

“ಅಪ್ಪಾ, ಸಾಕಮ್ಮನ ಅರ್ಜಿ ಮೇಲೆ ಮೊದಲು ಊಟದ ಓಕೆ ಅಂತ ಬರೆದೋರು ಯಾರಪ್ಪಾ?”

ನೀರು ಒಂದು ಹೆಜ್ಜೆ ಮುಂದಿದ್ದ ಚೆಲುವಯ್ಯನ ಕೆಳದುಟಿಗೆ ಬಂದಿತ್ತು. ಬಾಯಿ ತೆರೆದರೆ ಹೊಳೆ ಒಳಗೆ ನುಗ್ಗುತ್ತಿತ್ತು. ತಲೆಯಾಡಿಸಿದರೆ ಮಗು ಬೀಳುತ್ತಿತ್ತು.