ಚಿಕ್ಕಮ್ಮನ ಮೂಗಿನ ರೇಟು

ನಮ್ಮ ಚಿಕ್ಕಪ್ಪನಿಗೆ ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ಈ ಮೂವತ್ತೆರಡು ವರ್ಷದಲ್ಲಿ ಆ ಪುಣ್ಯಾತ್ಮನಿಗೆ ಹೆಂಡತಿಗೆ ಗೊತ್ತಾಗದ ಹಾಗೆ ಒಂದೇ ಒಂದು ಬೋಂಡ ತಿನ್ನಲು ಸಾಧ್ಯವಾಗಿಲ್ಲ!

ಪ್ರಯತ್ನ ಮಾಡಿಲ್ಲವೆಂದಲ್ಲ. ಚಿಕ್ಕಪ್ಪ ಹೊಂಗಡಹಳ್ಳದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಮ್ಮೆ ಕೆಲಸದ ಮೇಲೆ ದೋಣಿಗಲ್ ಕಡೆ ಹೋದವರು ರಸ್ತೆ ಬದಿಯ ಹೋಟೆಲಿನಲ್ಲಿ ಬೋಂಡ ತಿಂದರು. ಆಮೇಲೆ ಬಾಯಿ ಮುಕ್ಕಳಿಸಿದರು, ಲವಂಗ ಅಗಿದರು, ಕೈಗೆ ಸೋಪು ಹಚ್ಚಿ ತೊಳೆದರು. ಸಾಲದು ಅಂತ ಬಸ್ಸಿನಲ್ಲಿ ಕಿಟಕಿಯಿಂದ ಮುಖ ಹೊರಗೆ ಹಾಕಿಕೊಂಡೇ ಊರಿಗೆ ಬಂದರು. ಹೊಸಿಲು ದಾಟಿದ್ದೇ ತಡ, ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದಳು.

"ನಿನ್ನೆ ಕಾಯ್ಸಿದ ಎಣ್ಣೇಲಿ ಕರ್ದಿದ್ದು ತಿನ್ಬ್ಯಾಡಿ ಅಂತ ಎಷ್ಟು ಸಲ ಹೇಳದು?"

ರಜೆಗೆ ಹೋಗಿ ಜಗಲಿಯಲ್ಲಿ ಕೂತಿದ್ದ ನನ್ನ ಕಡೆ ಬಗ್ಗಿ ಚಿಕ್ಕಪ್ಪ ಪಿಸುಗುಟ್ಟಿದರು. "ಎಷ್ಟು ತಿಂದೆ ಅಂತ ಗೊತ್ತಾಗಲಿಲ್ವಲ್ಲ, ಅದೇ ಪುಣ್ಯ."

"ಎರಡು!" ಅಂತ ಒಳಗಿನಿಂದ ಉತ್ತರ ಬಂತು.

ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ. ದೇವರು ಅವಳಿಗೆ ಮೂಗು ಕೊಡುವ ಹೊತ್ತಿನಲ್ಲಿ ಅಳತೆ ಮರೆತುಬಿಟ್ಟನೋ ಏನೋ! ಹಾಲು ಒಡೆಯುವ ಎರಡು ಗಂಟೆ ಮೊದಲೇ ಅವಳಿಗೆ ಗೊತ್ತಾಗುತ್ತದೆ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಇನ್ನೂ ಚಪ್ಪಲಿ ಬಿಡುತ್ತಿದ್ದವಳು "ಹಿಂದ್ಗಡೆ ಅನ್ನ ತಳ ಹಿಡೀತೈತೆ, ಓಡ್ರೀ" ಅಂದಳು. ಅಡುಗೆಯವರು ಓಡಿಹೋಗಿ ನೋಡಿದರೆ, ಆಗತಾನೇ ಹಿಡಿಯಲು ಶುರುವಾಗಿತ್ತು. ಊಟ ಮುಗಿಯುವವರೆಗೆ ಆ ಅಡುಗೆಯವರು ಚಿಕ್ಕಮ್ಮನ ಎದುರಿಗೆ ಬರಲೇ ಇಲ್ಲ. ಮೂರು ಮನೆ ಆಚೆ ಗ್ಯಾಸ್ ಸೋರುತ್ತಿದ್ದಾಗ, ಆ ಮನೆಯವರೇ ಆರಾಮಾಗಿ ಟಿವಿ ನೋಡುತ್ತಿದ್ದಾಗ, ಇವಳು ಬರಿಗಾಲಲ್ಲಿ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದಳು.

ಇಂಥ ಮೂಗಿಗೆ ಅವಳು ಯಾರಿಂದಲೂ ಒಂದು ಪೈಸೆ ತೆಗೆದುಕೊಂಡವಳಲ್ಲ. ಆದರೆ ಬ್ಲೌಸಿಗೆ? ಅಬ್ಬಾ! ಅಲ್ಲಿ ಐದು ರೂಪಾಯಿ ಚೌಕಾಸಿಯೂ ಇಲ್ಲ.

ಹೌದು, ಚಿಕ್ಕಮ್ಮ ಬ್ಲೌಸ್ ಹೊಲಿಯುತ್ತಾಳೆ. ಹೇಗೆ ಹೊಲಿಯುತ್ತಾಳೆ ಅಂತ ನನ್ನನ್ನು ಕೇಳಿ. ನಾನು ಆಲೂರಿನಲ್ಲಿ ಟೀಚರ್. ಅವಳು ಹೊಲಿದ ಬ್ಲೌಸ್ ತೊಟ್ಟ ದಿನ ಕೈ ಭುಜದಿಂದ ಮೇಲೆ ಏಳುವುದಿಲ್ಲ. ಬೋರ್ಡಿನ ಕೆಳಗಿನ ಅರ್ಧದಲ್ಲೇ ಪಾಠ ಮುಗಿಯಬೇಕು. "ಮಿಸ್, ಮೇಲ್ಗಡೆ ಜಾಗ ಯಾರಿಗೆ ಬಿಟ್ಟಿದೀರ?" ಅಂತ ಒಂದು ಹುಡುಗಿ ಕೇಳಿಯೇ ಬಿಟ್ಟಿತು. ಎಡ ತೋಳು ಮೊಣಕೈವರೆಗೆ ಬಂದರೆ ಬಲ ತೋಳು ಅರ್ಧ ದಾರಿಯಲ್ಲೇ ಮನಸ್ಸು ಬದಲಾಯಿಸಿರುತ್ತದೆ. ಒಂದು ಬ್ಲೌಸಿಗೆ ಮೂರು ದಿನ ಕೂರುತ್ತಾಳೆ. ಬಿಚ್ಚುತ್ತಾಳೆ, ಹೊಲಿಯುತ್ತಾಳೆ, ಸೊಂಟ ಹಿಡಿದುಕೊಂಡು ನರಳುತ್ತಾಳೆ.

"ಅಲ್ಲ ಚಿಕ್ಕಮ್ಮ, ಮೂಗಿಗೂ ಏನಾದ್ರೂ ತಗೋಬಾರ್ದಾ?" ಅಂತ ಒಮ್ಮೆ ಕೇಳಿದೆ.

"ಸೊಂಟ ನೋಯೋ ಕೆಲ್ಸಕ್ಕೆ ದುಡ್ಡು ಕಣೇ. ಉಸಿರಾಡಿದ್ದಕ್ಕೆಲ್ಲ ದುಡ್ಡು ಇಸ್ಕೊಂಡ್ರೆ ಜನ ಏನಂದಾರು?"

ಜನ ಏನನ್ನುತ್ತಿದ್ದರೋ ನನಗೆ ಗೊತ್ತಿಲ್ಲ. ಏನು ಮಾಡುತ್ತಿದ್ದರು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಗ್ಯಾಸ್ ಸೋರಿದ ಮನೆಯಾಕೆ ಮಾರನೇ ದಿನವೇ ಎರಡು ಬ್ಲೌಸ್ ಪೀಸ್ ತಂದುಕೊಟ್ಟರು. ಗೃಹಪ್ರವೇಶದ ನೆಂಟರು ನಾಲ್ಕು ಕಳಿಸಿದರು. ಹಾಕಿಕೊಳ್ಳುವುದಕ್ಕೆ ಬೇರೆ ಟೈಲರ್, ಹೊಲಿಸುವುದಕ್ಕೆ ಚಿಕ್ಕಮ್ಮ! ಊರಿನ ಟ್ರಂಕುಗಳಲ್ಲಿ ಅವಳ ಬ್ಲೌಸುಗಳು ತುಂಬಿದ್ದವು. ಅವಳಿಗೆ ಮಾತ್ರ ತಾನು ಈ ಸೀಮೆಗೇ ದೊಡ್ಡ ಟೈಲರ್ ಅನ್ನುವ ನಂಬಿಕೆ.

ಹೀಗಿರುವಾಗ ಸಕಲೇಶಪುರದಲ್ಲಿ ಕಾಫಿ ವ್ಯಾಪಾರ ಮಾಡುವ ಸಾಹೇಬ್ರ ಪರಿಚಯವಾಯಿತು. ಚಿಕ್ಕಮ್ಮನಿಗೆ ಎರಡು ಎಕರೆ ತೋಟವಿದೆ. ಒಂದು ವರ್ಷ ತನ್ನ ಕಾಫಿ ಮಾರಲು ಅವರ ಗೋಡೌನಿಗೆ ಹೋದವಳು, ಸಾಲಾಗಿಟ್ಟ ಬೇರೆಯವರ ಚೀಲಗಳ ಮಧ್ಯೆ ನಡೆಯುತ್ತಾ ನಿಂತುಬಿಟ್ಟಳು.

"ಸಾಹೇಬ್ರೇ, ಈ ಮೂರು ಚೀಲ ಬ್ಯಾರೆ ಇಡ್ಸಿ. ಡೀಸೆಲ್ ಮುಟ್ಟೈತೆ."

ಸಾಹೇಬ್ರು ಮೂಸಿದರು. ಅವರಿಗೇನೂ ಗೊತ್ತಾಗಲಿಲ್ಲ. ಆದರೂ ಕೊಟ್ಟವನಿಗೆ ಫೋನ್ ಮಾಡಿ ಗದರಿಸಿದರೆ, ಪಿಕಪ್ಪಿನಲ್ಲಿ ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನು ಪಕ್ಕದಲ್ಲೇ ಇತ್ತು ಅಂತ ಅವನು ಒಪ್ಪಿಕೊಂಡ. ಆ ಮೂರು ಚೀಲ ಉಳಿದವುಗಳ ಜೊತೆ ಬೆರೆತಿದ್ದರೆ ಇಡೀ ಲೋಡೇ ವಾಪಸ್ ಬರುತ್ತಿತ್ತಂತೆ. ಸಾಹೇಬ್ರು ಜೇಬಿಗೆ ಕೈ ಹಾಕಿದರು. ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಬ್ಯಾಡ ಕಣ್ರೀ! ನಾನು ಬ್ಲೌಸ್ ಹೊಲಿಯೋಳು. ಬೇಕಾದ್ರೆ ಮನೆಯೋರಿಗೆ ಹೊಲ್ಸಿ."

ಆಮೇಲೆ ಪ್ರತಿ ಸುಗ್ಗಿಯಲ್ಲೂ ಸಾಹೇಬ್ರು ಕರೆಸುತ್ತಿದ್ದರು, ಇವಳು ಹೋಗಿ ಚೀಲ ಮೂಸಿ ಬರುತ್ತಿದ್ದಳು. ಬರುವಾಗ ಕೈಯಲ್ಲಿ ಒಂದು ಬ್ಲೌಸ್ ಪೀಸ್. ಅಳತೆ ಎಲ್ಲಿ ಅಂದರೆ "ನಿಮ್ ಅಂದಾಜಿಗೆ ಹೊಲೀರಿ ಅಕ್ಕಾ" ಅನ್ನುತ್ತಿದ್ದರು. ಹೀಗೆ ಒಂಬತ್ತು ಬ್ಲೌಸ್ ಹೋದವು.

ಹೋದ ರಂಜಾನ್ ಹಬ್ಬಕ್ಕೆ ಸಾಹೇಬ್ರು ಮನೆಗೆ ಕರೆದರು. ನಾನೂ ಜೊತೆಗೆ ಹೋದೆ. ಅವರ ಹೆಂಡತಿ ಚೂಡಿದಾರ್ ತೊಟ್ಟು, ನಗುನಗುತ್ತಾ ಶಾವಿಗೆ ಪಾಯಸ ತಂದಿಟ್ಟರು. ಚಿಕ್ಕಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಹಬ್ಬದ ದಿನಾನೂ ನಾನು ಹೊಲ್ದಿದ್ದು ಹಾಕ್ಕೊಂಡಿಲ್ವಲ್ಲ ತಾಯಿ?"

ಪಾಪ, ಆಕೆಗೆ ಸುಳ್ಳು ಗೊತ್ತಿಲ್ಲ. "ನಾನು ಸೀರೇನೇ ಉಡಲ್ಲ ಅಕ್ಕಾ" ಅಂದುಬಿಟ್ಟರು.

ಸಾಹೇಬ್ರಿಗೆ ಕೆಮ್ಮು ಬಂತು. ನಾನು ಪಾಯಸದಲ್ಲಿ ದ್ರಾಕ್ಷಿ ಹುಡುಕತೊಡಗಿದೆ.

"ಹಂಗಾದ್ರೆ ಒಂಬತ್ತು ಬ್ಲೌಸು?"

"ಕೋಪ ಮಾಡ್ಕೋಬ್ಯಾಡಿ ಅಕ್ಕಾ" ಅಂದರು ಸಾಹೇಬ್ರು. "ಮೂಗಿಗೆ ನೀವು ಕಾಸು ಮುಟ್ಟಲ್ಲ. ಕೊಡ್ದೆ ಇರೋಕೆ ನಂಗೆ ಮನ್ಸು ಒಪ್ಪಲ್ಲ. ಇನ್ನೇನ್ ಮಾಡ್ಲಿ ಹೇಳಿ?"

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಊರೋರೂ ಹಿಂಗೇನಾ?"

ನಾನು ಮತ್ತೆ ದ್ರಾಕ್ಷಿ ಹುಡುಕಲು ಬಗ್ಗಿದೆ. ಆದರೆ ಅವಳಿಗೆ ನನ್ನ ಮುಖವೇ ಸಾಕಾಯಿತು. ಪಾಯಸದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಸಾಹೇಬ್ರ ಹೆಂಡತಿಗೆ ಕೈಮುಗಿದು ಎದ್ದು ಹೊರಟಳು.

ಮಾರನೇ ದಿನದಿಂದ ಹೊಲಿಗೆ ಮೆಷಿನ್ನಿನ ಮೇಲೆ ಹಳೇ ಬೆಡ್‌ಶೀಟು ಬಿತ್ತು. ಅಷ್ಟೇ ಆಗಿದ್ದರೆ ಸೀಮೆಯ ಹೆಂಗಸರು ಹಬ್ಬ ಮಾಡುತ್ತಿದ್ದರೋ ಏನೋ. ಮೂಗೂ ಬಂದ್! ಯಾರಾದರೂ ತುಪ್ಪ ತಂದು "ಇದು ಚೆನ್ನಾಗೈತಾ ನೋಡಕ್ಕ" ಅಂದರೆ "ನೆಗಡಿ" ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಚಿಕ್ಕಪ್ಪ ರಾಜಾರೋಷವಾಗಿ ಮನೆಗೇ ಬೋಂಡ ಕಟ್ಟಿಸಿಕೊಂಡು ಬಂದರು. "ಬೈಯೋರಿಲ್ದೆ ರುಚೀನೇ ಇಲ್ಲ ಕಣಮ್ಮ" ಅಂತ ಅವರು ನನಗೆ ಫೋನ್ ಮಾಡಿದರು. ಆ ಧ್ವನಿ ಕೇಳಿ, ರಜೆ ಹಾಕಿ ಊರಿಗೆ ಹೋದೆ.

ನಾನು ಅಲ್ಲಿದ್ದಾಗಲೇ ಸಾಹೇಬ್ರು ಬಂದರು. ಈ ಸಲ ಬ್ಲೌಸ್ ಪೀಸ್ ಇರಲಿಲ್ಲ. ಜಗಲಿಯ ಮೇಲೆ ಕೂತು ನೇರವಾಗಿ ಹೇಳಿದರು. "ಅಕ್ಕಾ, ಹೋದ ವಾರ ನೀವು ಬರ್ಲಿಲ್ಲ. ಮುಗ್ಗಲು ವಾಸ್ನೆ ಅಂತ ಒಂದು ಲೋಡು ವಾಪಸ್ ಬಂತು."

"ನನ್ ಮ್ಯಾಲೆ ಕರುಣೆ ಬ್ಯಾಡ" ಅಂದಳು ಚಿಕ್ಕಮ್ಮ, ಬಾಗಿಲ ಹಿಂದಿನಿಂದ.

"ಕರುಣೆ ಮಾಡ್ಬೇಕಾದೋರು ನೀವು! ಲೋಡಿಗೆ ಸಾವಿರ ಕೊಡ್ತೀನಿ. ಬನ್ನಿ."

ಚಿಕ್ಕಮ್ಮ ಬಾಗಿಲಿಂದ ಹೊರಗೇ ಬಂದುಬಿಟ್ಟಳು. "ಸಾವ್ರನಾ? ತಲೆ ಕೆಟ್ಟೈತಾ ನಿಮ್ಗೆ? ನೂರು ಸಾಕು."

"ನೂರಕ್ಕಾದ್ರೆ ನಂಗೆ ಬ್ಯಾಡ."

"ಇನ್ನೂರು. ಅದ್ರ ಮ್ಯಾಲೆ ಒಂದ್ರೂಪಾಯಿ ಮುಟ್ಟಲ್ಲ!"

"ಒಂಬೈನೂರು. ಅದಕ್ಕಿಂತ ಕಮ್ಮಿಗೆ ನಾನು ಒಪ್ಪಲ್ಲ!"

ಮಾರುವವಳು ಇಳಿಸುತ್ತಿದ್ದಳು, ಕೊಳ್ಳುವವರು ಏರಿಸುತ್ತಿದ್ದರು. ಇಂಥ ಚೌಕಾಸಿಯನ್ನು ನೀವು ಯಾವ ಸಂತೆಯಲ್ಲಾದರೂ ಕಂಡಿದ್ದೀರಾ? ಕೊನೆಗೆ ಸಾಹೇಬ್ರು ಎದ್ದು ನಿಂತರು. "ನೋಡಿ ಅಕ್ಕಾ, ಹುಟ್ಟಿದಾಗಿಂದ ಕಾಫಿ ಮಧ್ಯೇನೇ ಬೆಳ್ದೋನು ನಾನು. ನಿಮ್ಮಂಗೆ ಕಾಫಿ ಬಲ್ಲೋರು ಈ ಘಟ್ಟದಲ್ಲಿ ಇನ್ನೊಬ್ರಿಲ್ಲ. ಸಾವಿರ. ಸೋಮವಾರ ಜೀಪ್ ಕಳಿಸ್ತೀನಿ." ಅಷ್ಟು ಹೇಳಿ ಉತ್ತರಕ್ಕೂ ಕಾಯದೆ ಹೊರಟುಹೋದರು.

ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತಳು. ನಾನು ನಗುತ್ತಲೇ ಪಕ್ಕದಲ್ಲಿ ಕೂತೆ. "ಅವತ್ತೂ ಇದನ್ನೇ ತಾನೇ ನಾನು ಹೇಳಿದ್ದು? ಯಾಕೆ ತಗೋಳ್ಲಿಲ್ಲ ನೀನು?"

ಅವಳು ಅಂಗಳ ನೋಡುತ್ತಾ ಹೇಳಿದಳು. "ನಂಗಾಗ ಎಂಟು ವರ್ಷ. ಯಾರ್ದೋ ಮನೆ ಊಟದಲ್ಲಿ ತುಪ್ಪ ಕೆಟ್ಟೈತೆ ಅಂದೆ. ನಿಮ್ಮಜ್ಜ ಅಷ್ಟು ಜನ್ರ ಎದ್ರಿಗೇ ಮೂಗಿನ ಮ್ಯಾಲೆ ಹೊಡ್ದ. ಎಲೆ ಮ್ಯಾಲೆ ರಕ್ತ ಬಿತ್ತು. ನನ್ನ ಹೆಣ್ಣು ನೋಡೋಕೆ ಬಂದ ದಿನ, ಎಲ್ಲಿ ಮೂಸಿಬುಡ್ತಾಳೋ ಅಂತ ನಮ್ಮವ್ವ ಎರಡೂ ಹೊಳ್ಳೆಗೆ ಹತ್ತಿ ತುರ್ಕಿದ್ಲು. ಬಾಯಲ್ಲಿ ಉಸಿರಾಡ್ಕೊಂಡು ಕೂತಿದ್ದೆ. ನಾನು ಇದನ್ನ ರೋಗ ಅಂತಾನೇ ಅಂದ್ಕೊಂಡಿದ್ದೆ ಕಣೇ. ರೋಗಕ್ಕೆ ಯಾರಾದ್ರೂ ದುಡ್ಡು ಇಸ್ಕೋತಾರಾ?"

ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಯೆಲ್ಲ ಒರಟಾಗಿತ್ತು.

ಅವಳು ಮೆಲ್ಲಗೆ ಕೇಳಿದಳು. "ಸಾಹೇಬ್ರು ಹೋಗ್ತಾ ಏನೋ ಅಂದ್ರಲ್ಲ, ಏನದು?"

ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ಆದರೂ ಹೇಳಿದೆ. "ನಿಮ್ಮಂಗೆ ಕಾಫಿ ಬಲ್ಲೋರು ಈ ಘಟ್ಟದಲ್ಲಿ ಇನ್ನೊಬ್ರಿಲ್ಲ."

"ಇನ್ನೊಂದ್ಸಲ ಹೇಳು" ಅಂದಳು, ಕಣ್ಣು ಮುಚ್ಚಿಕೊಂಡು.