ನಲವತ್ತೆರಡು ಪೆಟ್ಟಿನ ಗುಮಟೆ

"ಎಲ್ಲಾ ಸರಿ ಮಾರಾಯಾ, ಯಾವ ಫಾರ್ಮ್ಯಾಟಲ್ಲಿ ತರ್ತಿ?" ಎಂದು ಮಧುಕರ ಬೆಳಿಗ್ಗೆ ಫೋನಿನಲ್ಲಿ ಕೇಳಿದಾಗ, ಹಲ್ಲುಜ್ಜುತ್ತಿದ್ದ ಕೇಶವ "ಒಳ್ಳೇ ಫಾರ್ಮ್ಯಾಟಲ್ಲೇ" ಎಂದುಬಿಟ್ಟ. ಆ ದಿನದ ಅನಾಹುತವೆಲ್ಲ ಶುರುವಾದದ್ದು ಬಾಯ್ತುಂಬ ನೊರೆ ತುಂಬಿಕೊಂಡು ಆಡಿದ ಆ ಒಂದು ಮಾತಿನಿಂದ.

ಮಧುಕರ ಕಾರವಾರದ ಆರ್ಕೆಸ್ಟ್ರಾ ಒಂದರ ಮಾಲೀಕ. ಕೇಶವ ಅಂಕೋಲೆ ಕಡೆಯ ಭಾವಿಕೇರಿಯವ; ಕಾರವಾರದ ಪಕ್ಕದ ಶಿರವಾಡದಲ್ಲಿ ಬಾಡಿಗೆ ಕೋಣೆ ಹಿಡಿದು, ಕೇಬಲ್ ಟಿವಿಯವರ ಬಳಿ ತಂತಿ ಎಳೆಯುತ್ತಿದ್ದ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದ ಗುಮಟೆಯನ್ನು ಬಾರಿಸುವ ಮನೆತನ. ಕಾರವಾರದ ದೊಡ್ಡವರಿಗೆ ಭಾವಿಕೇರಿಯ ಗುಮಟೆ ಮೆರವಣಿಗೆಗೆ ಬೇಕು, ಮಂತ್ರಿ ಕಾರಿನಿಂದ ಇಳಿಯುವಾಗ ಬೇಕು, ಮಟಮಟ ಮಧ್ಯಾಹ್ನ ರಸ್ತೆಯ ಟಾರು ಕರಗುವಾಗ ಬೇಕು. ವೇದಿಕೆಗೆ ಮಾತ್ರ ಬೇಡ. ಕೇಶವನ ಅಜ್ಜ ಅದನ್ನು ಹತ್ತಿರಲಿಲ್ಲ, ಅಪ್ಪನೂ ಹತ್ತಿರಲಿಲ್ಲ. ಈಗ ಮಧುಕರ ಮಾತು ಕೊಟ್ಟಿದ್ದ: ಗುಮಟೆಯ ಶಬ್ದವನ್ನು ಕಂಪ್ಯೂಟರಿಗೆ ಹಾಕಿಕೊಡು, ಕೀಬೋರ್ಡ್ ಒತ್ತಿದರೆ ಗುಮಟೆ ನುಡಿಯಬೇಕು, ಸಂಜೆ ನಾಲ್ಕಕ್ಕೆ ಉತ್ಸವದ ಮೈದಾನದಲ್ಲಿ ಪರೀಕ್ಷೆ, ಪಾಸಾದರೆ ಆರ್ಕೆಸ್ಟ್ರಾದಲ್ಲಿ ನಿನಗೊಂದು ಕಾಯಂ ಕುರ್ಚಿ.

ಶಬ್ದಕ್ಕೇನೂ ಕೊರತೆಯಿರಲಿಲ್ಲ. ಸೋದರಮಾವ ಬೀರಾನನ್ನು ಮೈಕಿನ ಮುಂದೆ ಕೂರಿಸಿ ನಲವತ್ತೆರಡು ಪೆಟ್ಟುಗಳನ್ನು ಬಿಡಿಬಿಡಿಯಾಗಿ ಹಿಡಿದಾಗಿತ್ತು. ಬೀರಾ ಮೊದಲು ಒಪ್ಪಿರಲಿಲ್ಲ.

"ಒಂದು ಪೆಟ್ಟು ಹೊಡ್ದು ಸುಮ್ನೆ ಕೂರೂಕೆ ನಾನೆಂತ ಶಾಲೆ ಗಂಟೆಯಾ? ಪದ ಹೇಳದೆ ನನ್ನ ಕೈ ಏಳೂದಿಲ್ಲ ತಮಾ" ಎಂದು ಹಠ ಹಿಡಿದಿದ್ದ. ಕೊನೆಗೆ ಪ್ರತಿ ಪೆಟ್ಟಿಗೂ ಒಂದು ಪೂರ್ತಿ ಪದ ಹಾಡಿ, ಹಾಡು ಮುಗಿದ ಮೇಲೆ ಒಂದೇ ಒಂದು ಪೆಟ್ಟು ಕೊಟ್ಟ. ಎರಡು ದಿನ ಹಿಡಿಯಿತು.

ಕಷ್ಟವಿದ್ದದ್ದು ಆ ಪೆಟ್ಟುಗಳನ್ನು ಕಟ್ಟಿಕೊಡುವುದರಲ್ಲಿ. ಶಬ್ದ ನುಡಿಸುವ ಒಂದೊಂದು ಸಾಫ್ಟ್‌ವೇರಿಗೂ ಒಂದೊಂದು ಫಾರ್ಮ್ಯಾಟು. ವೇವ್ ಎಂದರೆ ಹಸಿ ಬಂಗಡೆ: ಯಾರ ಮನೆಗೆ ಒಯ್ದರೂ ನಡೆಯುತ್ತದೆ, ಕೊಯ್ದು ಮಸಾಲೆ ಅರೆಯುವುದು ಅವರವರ ಪಾಡು. ಸೌಂಡ್‌ಫಾಂಟ್ ಎಂದರೆ ಮಾಡಿಟ್ಟ ಸಾರು: ಮೆಲ್ಲಗೆ ಒತ್ತಿದರೆ ಮೆದು ಪೆಟ್ಟು, ಬಲವಾಗಿ ಒತ್ತಿದರೆ ಜೋರು ಪೆಟ್ಟು, ಎಲ್ಲ ತಯಾರು, ಆದರೆ ಎಲ್ಲರ ಪಾತ್ರೆಗೂ ಅದು ಒಗ್ಗುವುದಿಲ್ಲ. ಗೀಗಾ ಎಂಬುದು ಇನ್ನೊಂದು ಊರಿನ ಸಾರು. ಇವೆಲ್ಲದರ ಮೇಲೆ ಬೀಗ ಹಾಕಿದ ಡಬ್ಬಿಯ ಫಾರ್ಮ್ಯಾಟೂ ಒಂದಿತ್ತು. ಮಾಡಿದವನ ಕೀಲಿ ಇಲ್ಲದೆ ಮುಚ್ಚಳ ತೆರೆಯುವುದಿಲ್ಲ.

ಮನೆಯೊಡತಿ ಕಲಾವತಿ ಜಗಲಿಯಿಂದಲೇ ತೀರ್ಪು ಕೊಟ್ಟಳು. "ನನ್ನ ತಂಗಿ ಮಗ ಮಡಗಾಂವಲ್ಲಿ ಮದುವೆ ಬ್ಯಾಂಡಿಗೆ ಕೀಬೋರ್ಡ್ ಬಾರಿಸ್ತಾನಲ, ಅವಂದು ಸೌಂಡ್‌ಫಾಂಟೇ. ನೀನೂ ಅದೇ ಮಾಡು."

"ಅಕ್ಕಾ, ಇಲ್ಲಿಯವ್ರ ಮಷಿನ್ ಬೇರೆ ಇರ್ತದೆ."

"ಮಡಗಾಂವಲ್ಲಿ ನಡೂದು ಕಾರವಾರದಲ್ಲಿ ನಡೂದಿಲ್ವಾ? ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಅಂತ ತಿಳ್ಕಂಡಿ ನೀನು?"

ದೂರದ ಲೆಕ್ಕ ಒಪ್ಪಿಕೊಂಡು ಕೇಶವ ಸೌಂಡ್‌ಫಾಂಟನ್ನೇ ಮಾಡಿದ. ಮುಗಿಸುವಾಗ ಹನ್ನೊಂದು. ಆರ್ಕೆಸ್ಟ್ರಾದ ಕೀಬೋರ್ಡ್‌ ವಾದಕ ಸಂದೀಪನಿಗೆ ಫೋನು ಮಾಡಿದರೆ, "ನನ್ನ ಮಷಿನ್ನು ಅದನ್ನ ಮೂಸಿ ಸಹಾ ನೋಡೂದಿಲ್ಲ. ಗೀಗಾ ತಾ" ಎಂದ.

ಒಂದು ಫಾರ್ಮ್ಯಾಟನ್ನು ಇನ್ನೊಂದಕ್ಕೆ ತಿರುಗಿಸುವ ಸಾಫ್ಟ್‌ವೇರ್ ಇದ್ದದ್ದು ಪೇಟೆಯ ನಿಶಾಳ ಸೈಬರ್ ಕೆಫೆಯಲ್ಲಿ. ಸೈಕಲ್ ತುಳಿದುಕೊಂಡು ಅಲ್ಲಿಗೆ ಓಡಿದ. ತಿರುಗಿಸಿದ್ದೂ ಆಯಿತು. ಪರೀಕ್ಷೆಗೆಂದು ಒಂದು ಪೆಟ್ಟು ಒತ್ತಿದ. ಪೆಟ್ಟು ಎಲ್ಲಿ ನಿಲ್ಲಬೇಕೆಂಬ ಗುರುತು ತಿರುಗಿಸುವಾಗ ತಪ್ಪಿಹೋಗಿತ್ತು. ಪೆಟ್ಟು ನಿಲ್ಲಲೇ ಇಲ್ಲ. ಧುಂಧುಂಧುಂಧುಂ ಎಂದು ಬ್ರೇಕು ಹೋದ ಲಾರಿಯಂತೆ ಓಡತೊಡಗಿತು. ಕಂಪ್ಯೂಟರು ಹೆಪ್ಪುಗಟ್ಟಿ ಕೂತಿತು. ಸ್ಪೀಕರಿನ ಗುಂಡಿ ಕಿತ್ತುಹೋಗಿ ಒಂದು ವರ್ಷವಾಗಿತ್ತು. ಗಾಬರಿಯಲ್ಲಿ ಕೇಶವ ಮೇನ್ ಸ್ವಿಚ್ಚನ್ನೇ ಆರಿಸಿದ. ಫ್ಯಾನು ನಿಂತಿತು, ಲೈಟು ಹೋಯಿತು, ಗುಮಟೆ ಮಾತ್ರ ಕತ್ತಲಲ್ಲಿ ಇನ್ನಷ್ಟು ಉತ್ಸಾಹದಿಂದ ಬಡಿಯಿತು.

"ಯುಪಿಎಸ್ ಅದೆ ಕೇಶವಣ್ಣಾ, ಹೊಸ ಬ್ಯಾಟ್ರಿ" ಎಂದಳು ನಿಶಾ, ಕಿವಿ ಮುಚ್ಚಿಕೊಂಡು.

ಹೊರಗೆ ಜನ ಸೇರಿತ್ತು. ಮುದುಕರೊಬ್ಬರು ಚಪ್ಪಲಿ ಕಳಚಿಟ್ಟು, ಕೈಮುಗಿದು, "ಪಲ್ಲಕ್ಕಿ ಎಲ್ಲಿ ಮುಟ್ತು?" ಎಂದು ವಿಚಾರಿಸುತ್ತಿದ್ದರು. ಪೊಲೀಸನೊಬ್ಬ ಬರಲಿರುವ ಮೆರವಣಿಗೆಗೆ ದಾರಿಬಿಡಿಸಲು ಎರಡೂ ಕಡೆಯ ಸ್ಕೂಟರುಗಳನ್ನು ತಡೆದು ನಿಲ್ಲಿಸಿದ್ದ. ಹುಡುಕಿ ಹುಡುಕಿ ಸ್ಪೀಕರಿನ ತಂತಿ ಕಿತ್ತಾಗಲೇ ಕಾರವಾರ ಪೇಟೆಗೆ ಶಾಂತಿ.

ಗಂಟೆ ಎರಡೂವರೆ. ನಿಶಾ ತಣ್ಣಗೆ ಹೇಳಿದಳು, "ನನ್ನ ಕೇಳಿದ್ರೆ ಬೀಗದ ಡಬ್ಬಿನೇ ಮಾಡು. ಕೀಲಿ ನಿನ್ನ ಕಿಸೆಲಿರ್ಲಿ. ನೀ ಇಲ್ದೆ ಅವ್ರಿಗೆ ಒಂದು ಪೆಟ್ಟೂ ಸಿಕ್ಕೂಕಾಗ. ಕುರ್ಚಿ ಎಲ್ಲಿಗೂ ಹೋಗೂದಿಲ್ಲ."

ಮಾತು ಕೇಶವನ ಎದೆಗೆ ನಾಟಿತು. ಆದರೆ ನಾಲ್ಕು ಗಂಟೆಗೆ ಸರಿಯಾಗಿ, ಎಲ್ಲರ ಕಣ್ಣೆದುರು, ಆ ಬೀಗವೇ ತೆರೆಯದೆ ಹೋದರೆ? ಭಾವಿಕೇರಿಯವನಿಗೆ ಇನ್ನೊಂದು ಪರೀಕ್ಷೆ ಇಡುವಷ್ಟು ದೊಡ್ಡ ಮನಸ್ಸು ಯಾರಿಗಿದೆ? ಬೆವರೊರೆಸಿಕೊಂಡು, ಎಲ್ಲ ಕಡೆ ನಡೆಯುವ ಹಸಿ ಬಂಗಡೆಯನ್ನೇ, ಅಂದರೆ ವೇವನ್ನೇ, ಸಿಡಿಗೆ ಹಾಕಿಸಿಕೊಂಡ.

ಮೈದಾನದಲ್ಲಿ ಸಂದೀಪ ಅರ್ಧ ಗಂಟೆಯಲ್ಲಿ ನಲವತ್ತೆರಡು ಪೆಟ್ಟುಗಳನ್ನೂ ಕೀಬೋರ್ಡಿಗೆ ಹಂಚಿಬಿಟ್ಟ. ಒತ್ತಿದ. ಕಂಬಕಂಬಕ್ಕೆ ಕಟ್ಟಿದ ಸ್ಪೀಕರುಗಳಲ್ಲಿ ಬೀರಾನ ಕೈ ಗುಡುಗಿತು. ಉತ್ಸವ ಸಮಿತಿಯ ಕಾರ್ಯದರ್ಶಿ ದೇವಿದಾಸರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. "ಅರೆ, ಹತ್ತು ಜನ ಬಾರಿಸ್ದಂಗೆ ಅದ್ಯಲ ಇದು."

"ತಗ ನಿನ್ನ ಸಿಡಿ" ಎಂದ ಸಂದೀಪ. "ನನ್ನ ಮಷಿನ್ನಲ್ಲಿ ಕಾಪಿ ಆಯ್ತು."

ಕೇಶವ ಸಿಡಿ ತೆಗೆದುಕೊಂಡ. ಶಬ್ದ ಅವರ ಬಳಿಯೇ ಉಳಿಯಿತು, ಇನ್ನು ತನ್ನ ಹಂಗು ಯಾರಿಗೆ? ಬೀಗದ ಮಾತು ಕೇಳದ ತನ್ನನ್ನೇ ಬೈದುಕೊಂಡು ಸೈಕಲ್ಲಿನತ್ತ ಹೊರಟ.

"ಎಲ್ಲಿಗೆ ಹೊರಟಿ?" ಮಧುಕರ ಹೆಗಲ ಮೇಲೆ ಕೈ ಹಾಕಿದ. "ಮಾತು ಅಂದ್ರೆ ಮಾತು. ನಿನ್ನ ಕುರ್ಚಿ ವೇದಿಕೆ ಮೇಲದೆ ನೋಡು, ನಟ್ಟನಡುವೆ."

ನಿಜಕ್ಕೂ ಇತ್ತು. ಕೇಶವನ ಕಣ್ಣು ತುಂಬಿತು. ವೇದಿಕೆ ಹತ್ತಿ, ಕುರ್ಚಿಯಲ್ಲಿ ಕೂತು, ಅಲ್ಲಿಟ್ಟಿದ್ದ ಗುಮಟೆಯನ್ನು ತೊಡೆಗೇರಿಸಿ ಒಂದು ಪೆಟ್ಟು ಕೊಟ್ಟ.

"ಏ, ಮುಟ್ಬೇಡ" ಎಂದು ಸಂದೀಪ ಹಿಂದಿನಿಂದ ಕೂಗಿದ. "ನಾ ಇಲ್ಲಿ ಬಾರಿಸ್ತಾ ಇಲ್ವಾ? ಎರಡೂ ಸೇರಿದ್ರೆ ಕಲಸುಮೇಲೋಗರ ಆಗ್ತದೆ."

ದೇವಿದಾಸರು ಸಮಾಧಾನದಿಂದ ವಿವರಿಸಿದರು. "ಬರೀ ಪೆಟ್ಟಿಗೆಯಿಂದ ಶಬ್ದ ಬಂದ್ರೆ ಜನ ನೋಡೂದು ಎಂತ? ಗುಮಟೆ ಹಿಡ್ಕಂಡವ ಒಬ್ಬ ಕಾಣ್ಬೇಕಲ. ನೀ ಕೈ ಆಡಿಸು, ಸಾಕು. ಚರ್ಮಕ್ಕೆ ತಾಗ್ಸೂದು ಬೇಡ."

ಅಕಸ್ಮಾತ್ ತಾಗಿದರೂ ಸದ್ದು ಹೊರಡಬಾರದೆಂದು, ಹಿಂದೆ ಬಿದ್ದಿದ್ದ ಬಟ್ಟೆಯ ಬ್ಯಾನರೊಂದನ್ನು ಉಂಡೆಮಾಡಿ ಗುಮಟೆಯ ಬಾಯಿಗೆ ತುರುಕಿದರು. ಒಳಹೋಗದೆ ಹೊರಗುಳಿದ ತುದಿಯಲ್ಲಿ 'ಜಾನಪದ ಉಳಿಸಿ' ಎಂದು ಓದಲು ಬರುತ್ತಿತ್ತು.

ಸಂದೀಪ ಕೀಬೋರ್ಡ್ ಒತ್ತಿದ. ಮಾವನ ಪೆಟ್ಟುಗಳು ಮೈದಾನ ತುಂಬಿದವು. ಕೇಶವನ ಅಂಗೈ ಚರ್ಮದಿಂದ ಒಂದು ಬೆರಳು ಮೇಲೆ ಏಳುತ್ತ, ಇಳಿಯುತ್ತ, ಗಾಳಿಯನ್ನು ಬಡಿಯಿತು.

ಮಧುಕರ ಕೆಳಗಿನಿಂದ ಕಣ್ಣು ಕಿರಿದು ಮಾಡಿ ನೋಡಿದ.

"ಹಾಂ, ಹೀಂಗೇ. ಮುಖದಲ್ಲಿ ಮಾತ್ರ ಇನ್ನು ಸ್ವಲ್ಪ ಜೋರು ಬಾರ್ಸು."